ಕಚೇರಿಯ ಗಣಕವೂ ಹಳೆಯ ಕಡತವೂ

ಕಚೇರಿಗಳಲ್ಲಿರುವ ಗಣಕಯಂತ್ರಗಳ ಪಾಲನೆಯ ವಿಷಯವಾಗಿ ಕನ್ನಡದ ಮೇಷ್ಟ್ರೊಬ್ಬನು ಮಾತನಾಡಹೊರಟರೆ ಕೇಳುವವರಿಗೆ ಅದು ತುಸು ವಿಚಿತ್ರವಾಗಿ ತೋರುವುದು ಸಹಜ. ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ; ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಹಳಗನ್ನಡ ಕಾವ್ಯ, ಛಂದಸ್ಸು, ಗ್ರಂಥಸಂಪಾದನೆಗಳನ್ನು ಪಾಠ ಹೇಳಿ ನಿವೃತ್ತನಾದವನು. ಆದರೆ ನಿವೃತ್ತಿಯ ಅನಂತರ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳ ಸುತ್ತಿನಲ್ಲಿ, ಬಂಧುಗಳ ಮತ್ತು ಹಳೆಯ ವಿದ್ಯಾರ್ಥಿಗಳ ಜಮೀನಿನ ಕಾಗದಪತ್ರಗಳಿಗಾಗಿ ಅವರ ಜೊತೆಯಲ್ಲಿ ಕಚೇರಿಯ ಕಿಂಡಿಗಳ ಮುಂದೆ ಬೇಕಾದಷ್ಟು ಸಲ ನಿಂತಿದ್ದೇನೆ. ಹಾಗೆ ನಿಂತು ನೋಡುತ್ತ ನನಗೆ ಮನವರಿಕೆಯಾದ ಸಂಗತಿಯೆಂದರೆ, ಗಾಜಿನ ಆಚೆ ನಡೆಯುವುದು ಹೊರನೋಟಕ್ಕೆ ಯಂತ್ರದ ಕೆಲಸವಾದರೂ ಅದರ ತಿರುಳು ಬರಹವನ್ನು ಕಾಪಾಡುವ ಕೆಲಸ ಎಂಬುದು. ಜೀರ್ಣವಾದ ಒಂದು ಪ್ರತಿಯಿಂದ ಹೊಸದಾದ ಇನ್ನೊಂದು ಪ್ರತಿಗೆ ಅಕ್ಷರ ಕೆಡದಂತೆ ಸಾಗಿಸುವ ಆ ಕೆಲಸವನ್ನು ಹಿಂದೆ ನಮ್ಮ ಲಿಪಿಕಾರರು ಮಾಡುತ್ತಿದ್ದರು. ಆ ದಾರಿಯಿಂದಲೇ ಈ ವಿಷಯವನ್ನು ಪ್ರವೇಶಿಸುತ್ತೇನೆ.

ಹಡಗಲಿ ತಾಲ್ಲೂಕಿನಲ್ಲಿ ಹಿರೇಹಡಗಲಿ ಎಂಬ ಊರಿದೆ. ಶಾಸನಗಳನ್ನು ಬಲ್ಲವರಿಗೆ ಆ ಹೆಸರು ಪರಿಚಿತ. ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ದೊರೆತದ್ದು ಅಲ್ಲಿಯೇ. ಅವುಗಳ ಕಾಲ ಸುಮಾರು ನಾಲ್ಕನೆಯ ಶತಮಾನ. ಅವುಗಳಲ್ಲಿರುವುದು ಕಾವ್ಯವೂ ಅಲ್ಲ, ಯುದ್ಧವರ್ಣನೆಯೂ ಅಲ್ಲ. ದತ್ತಿಯಾಗಿ ಕೊಟ್ಟ ಭೂಮಿಯ ವಿವರ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಒಂದು ಕಂದಾಯ ದಾಖಲೆ. ಸಾವಿರದ ಆರುನೂರು ವರ್ಷಗಳ ಮೇಲೂ ಆ ತಗಡು ಉಳಿದಿದೆ. ಆದರೆ ತಗಡು ಉಳಿದ ಮಾತ್ರಕ್ಕೆ ದಾಖಲೆ ಉಳಿಯಿತೆ? ಊರಿನವರ ಪಾಲಿಗೆ ಅದು ಓದಲಾಗದ ಗೀಟುಗಳ ಒಂದು ಲೋಹದ ಕಟ್ಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸರು ಲಿಪಿಯನ್ನು ಬಿಡಿಸಿ, ಭಾಷೆಯನ್ನು ಅರ್ಥೈಸಿ ಪ್ರಕಟಿಸಿದ ಮೇಲೆಯೇ ಅದು ಮತ್ತೆ ಮಾತನಾಡಿದ್ದು. ಬರಹ ಉಳಿಯಬೇಕಾದರೆ ಎರಡು ಉಳಿಯಬೇಕು ಎಂಬುದು ಇದರ ಪಾಠ: ಒಂದು, ಬರೆದ ವಸ್ತು, ಮತ್ತೊಂದು, ಅದನ್ನು ಓದುವ ಬಗೆ.

ತಾಮ್ರ ಎಲ್ಲರಿಗೂ ಎಟುಕುವ ವಸ್ತುವಲ್ಲ. ನಿತ್ಯದ ಬರಹಕ್ಕೆ ಓಲೆಗರಿಯಿತ್ತು, ಲೆಕ್ಕಪತ್ರಕ್ಕೆ ಕಡತವಿತ್ತು. ಇಂದು ಕಚೇರಿಯಲ್ಲಿ ಫೈಲು ಎನ್ನುವುದಕ್ಕೆ ನಾವು ಕಡತವೆಂಬ ಮಾತನ್ನು ಬಳಸುತ್ತೇವೆ. ಆದರೆ ಕಡತವೆಂದರೆ ಮೊದಲು ಒಂದು ಬಗೆಯ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಕೂಡಿಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೂಬಹುದಾಗಿತ್ತು. ಇಂಥ ಬಟ್ಟೆಗೆ ನೀರು ತಾಗಬಾರದು, ಇಲಿ ಮುಟ್ಟಬಾರದು. ಓಲೆಗರಿಗೂ ಅಷ್ಟೆ: ಹುಳು ಹಿಡಿಯದಂತೆ ಎಣ್ಣೆ ಸವರಬೇಕು, ಬಿಸಿಲಿಗೆ ಹೆಚ್ಚು ಹೊತ್ತು ಒಡ್ಡಬಾರದು, ಅಂಚು ಮುರಿಯತೊಡಗಿದ ಗರಿಗಳನ್ನು ಕಾಲ ಮೀರುವ ಮುನ್ನ ಹೊಸ ಗರಿಗಳಿಗೆ ಇಳಿಸಿಕೊಳ್ಳಬೇಕು. ನಮ್ಮ ಪ್ರಾಚೀನ ಕಾವ್ಯಗಳು ಇಂದು ಕೈಗೆ ಸಿಕ್ಕಿದ್ದರೆ ಅದು ಗರಿಯ ಗಟ್ಟಿತನದಿಂದಲ್ಲ, ತಲೆಮಾರಿನಿಂದ ತಲೆಮಾರಿಗೆ ಕುಳಿತು ಪ್ರತಿ ಮಾಡಿದವರ ಬೆನ್ನುನೋವಿನಿಂದ. ಹಾಗೆ ಪ್ರತಿ ಮಾಡುವಾಗ ಅಕ್ಷರಗಳು ತಪ್ಪಿದ್ದರಿಂದಲೇ ಪಾಠಾಂತರಗಳು ಹುಟ್ಟಿದವು. ಅವುಗಳನ್ನು ಬಿಡಿಸಲು ಗ್ರಂಥಸಂಪಾದನೆ ಎಂಬ ಶಾಸ್ತ್ರವೇ ಬೇಕಾಯಿತು.

ಈಗ ತಾಲ್ಲೂಕು ಕಚೇರಿಗೆ ಬರೋಣ. ನಮ್ಮ ರಾಜ್ಯದಲ್ಲಿ ಪಹಣಿಯೆಂಬುದು ರೈತನ ಜಾತಕವಿದ್ದಂತೆ. ಹೊಲದ ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರನ ಹೆಸರು, ಬೆಳೆ, ಸಾಲದ ಋಣ ಎಲ್ಲವೂ ಅದರಲ್ಲಿ. ಮೊದಲು ಅದನ್ನು ಗ್ರಾಮಲೆಕ್ಕಿಗರು ಕೈಯಿಂದ ಬರೆದಿಡುತ್ತಿದ್ದರು. 2000ನೆಯ ಇಸವಿಯ ಸುಮಾರಿಗೆ ಕರ್ನಾಟಕ ಸರ್ಕಾರ ಭೂಮಿ ಎಂಬ ಯೋಜನೆಯ ಮೂಲಕ ಈ ಪಹಣಿಗಳನ್ನೆಲ್ಲ ಗಣಕಕ್ಕೆ ಏರಿಸಿತು. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರು ಎಂಬುದು ಆಗಿನ ಲೆಕ್ಕ. ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಯ ಮಾನ್ಯತೆ ನಿಂತುಹೋಯಿತು. ತಂತ್ರಾಂಶವನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಯಾರು ತಿದ್ದಿದರೆಂಬುದು ತಿಳಿಯಲೆಂದು ಬೆರಳಗುರುತಿನ ವ್ಯವಸ್ಥೆಯನ್ನೂ ಅದರಲ್ಲಿ ಇಟ್ಟರು. ಒಬ್ಬಿಬ್ಬರ ಗಂಟಿನಲ್ಲಿದ್ದ ಪುಸ್ತಕ ಎಲ್ಲರೂ ಕೇಳಿ ಪಡೆಯಬಹುದಾದ ಕಾಗದವಾಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಒಮ್ಮೆ ಏರಿಸಿದರೆ ಮುಗಿಯಿತು ಎಂದು ನಾವೆಲ್ಲ ಭಾವಿಸಿದೆವು. ಓಲೆಗರಿಗೆ ಎಣ್ಣೆ ಸವರಬೇಕೆಂದು ತಿಳಿದಿದ್ದ ಸಮಾಜ, ಗಣಕಕ್ಕೂ ಅಂಥದೊಂದು ಆರೈಕೆ ಬೇಕೆಂಬುದನ್ನು ಬಹುಮಟ್ಟಿಗೆ ಮರೆಯಿತು. ನಮ್ಮದು ಬಿಸಿಲಿನ ಸೀಮೆ, ಎರೆಮಣ್ಣಿನ ಧೂಳಿನ ಸೀಮೆ. ಗಣಕದ ಒಳಗಿನ ಮಿದುಳು ಕೆಲಸ ಮಾಡುವಾಗ ಕಾಯುತ್ತದೆ. ಅದನ್ನು ತಣಿಸಲು ಒಂದು ಸಣ್ಣ ಬೀಸಣಿಗೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯೊಡನೆ ಧೂಳೂ ಬರುತ್ತದೆ. ಎರಡು ಬೇಸಗೆ ಯಾರೂ ತೆರೆದು ಒರೆಸದಿದ್ದರೆ ಆ ಧೂಳು ಕಂಬಳಿಯಂತೆ ಹೊದ್ದು ಕೂರುತ್ತದೆ. ಯಂತ್ರ ಕಾದು ನಿಧಾನವಾಗುತ್ತದೆ, ಕೊನೆಗೆ ತಾನಾಗಿಯೇ ನಿಂತುಬಿಡುತ್ತದೆ. ವಿದ್ಯುತ್ತು ಹೋದಾಗ ಆಧಾರವಾಗುವ ಯುಪಿಎಸ್ಸಿನ ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಸೆಕೆಯ ಕೊಠಡಿಯಲ್ಲಿ ಇನ್ನೂ ಕಡಿಮೆ. ಅದು ಸತ್ತ ಮೇಲೂ ಪೆಟ್ಟಿಗೆ ಮಾತ್ರ ಮೇಜಿನ ಕೆಳಗೆ ದೀಪ ಉರಿಸಿಕೊಂಡು ಕೂತಿರುತ್ತದೆ. ಬರೆಯುತ್ತಿರುವ ನಡುವೆ ವಿದ್ಯುತ್ತು ಕೈಕೊಟ್ಟರೆ ಅರ್ಧ ಬರೆದ ದಾಖಲೆಯ ಗತಿಯೇನು?

ಇನ್ನೂ ಸಣ್ಣ ಸಂಗತಿಯೊಂದನ್ನು ಹೇಳುತ್ತೇನೆ. ಗಣಕದ ಒಳಗೆ, ಯಂತ್ರ ಆರಿದ್ದಾಗಲೂ ಗಡಿಯಾರವನ್ನು ನಡೆಸಲು ನಾಣ್ಯದ ಗಾತ್ರದ ಒಂದು ಬ್ಯಾಟರಿ ಇರುತ್ತದೆ. ನೂರು ರೂಪಾಯಿಯೂ ಬಾಳದ ವಸ್ತು. ಅದು ಸೋತರೆ ಬೆಳಗ್ಗೆ ಯಂತ್ರವನ್ನು ಎಬ್ಬಿಸಿದಾಗ ಅದಕ್ಕೆ ಇಂದಿನ ದಿನಾಂಕ ಗೊತ್ತಿರುವುದಿಲ್ಲ. ಎಷ್ಟೋ ವರ್ಷ ಹಿಂದಿನ ಒಂದು ದಿನವನ್ನೇ ಇವತ್ತೆಂದು ನಂಬುತ್ತದೆ. ಜಾಲದಾಚೆಯ ದೊಡ್ಡ ಗಣಕವಾದರೋ ತನ್ನ ಗುರುತಿನ ಪತ್ರವನ್ನು ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯೊಡನೆ ತೋರಿಸುತ್ತದೆ. ಹಳೆಯ ದಿನದಲ್ಲಿ ಬದುಕುತ್ತಿರುವ ನಮ್ಮ ಯಂತ್ರ ಆ ಪತ್ರವನ್ನು ಸುಳ್ಳೆಂದು ತಿಳಿದು ಸಂಪರ್ಕವನ್ನೇ ನಿರಾಕರಿಸುತ್ತದೆ. ಕಿಂಡಿಯ ಹೊರಗೆ ನಿಂತ ರೈತನಿಗೆ ಈ ಸೂಕ್ಷ್ಮಗಳೊಂದೂ ತಿಳಿಯುವುದಿಲ್ಲ. ಅವನಿಗೆ ಸಿಗುವುದು ಒಂದೇ ಉತ್ತರ: ಸರ್ವರ್ ಇಲ್ಲ.

ಈ ಮಾತು ನಮ್ಮ ಸೀಮೆಯ ನಿತ್ಯದ ಕನ್ನಡದಲ್ಲಿ ಸೇರಿಹೋಗಿದೆ. ಒಂದು ಕಚೇರಿಯಲ್ಲಿ ವಯಸ್ಸಾದ ರೈತರೊಬ್ಬರಿಗೆ ಒಳಗಿನ ಹುಡುಗ, "ತಾತಾ, ಸರ್ವರ್ ಇಲ್ಲ, ನಾಳೆ ಬರ್ರಿ" ಎಂದ. ಅವರು ತಲೆಯ ರುಮಾಲನ್ನು ಬಿಚ್ಚಿ ಮುಖ ಒರೆಸಿಕೊಂಡು ಹೇಳಿದ್ದು ಇಷ್ಟು: "ಅಲ್ಲಪಾ ತಮ್ಮಾ, ನಿನ್ನೇನೂ ಹಿಂಗ ಅಂದಿ. ಹೋಟೆಲ್ನ್ಯಾಗ ಸರ್ವರ್ ಇಲ್ಲಂದ್ರ ಮಾಲಕ್ರು ತಾವ ಎದ್ದು ತಂದು ಕೊಡ್ತಾರ. ಇಲ್ಲಿ ಮಾಲಕ್ರು ಯಾರದಾರ?" ಸುತ್ತಲಿನವರು ನಕ್ಕರು, ಹುಡುಗನೂ ನಕ್ಕ. ಪಾಪ, ತಪ್ಪು ಅವನದಲ್ಲ. ಆರಂಭದಲ್ಲಿ ಒಂದು ತಾಲ್ಲೂಕಿನ ದಾಖಲೆಗಳು ಆ ಕಚೇರಿಯ ಗಣಕದಲ್ಲೇ ಇರುತ್ತಿದ್ದವು. ಈಗ ಅವು ದೂರದ ಕೇಂದ್ರದಲ್ಲಿವೆ. ಅದರಿಂದ ಎಲ್ಲಿ ಬೇಕಾದರೂ ಪಹಣಿ ಪಡೆಯುವ ಅನುಕೂಲವಾಯಿತು. ಹಾಗೆಯೇ ನಡುವೆ ಎಲ್ಲಿ ತಂತಿ ಕಡಿದರೂ ಇಲ್ಲಿ ಕೆಲಸ ನಿಲ್ಲುವಂತಾಯಿತು. ಕೇಬಲ್ಲು ಒಬ್ಬರದು, ಯಂತ್ರ ಇನ್ನೊಬ್ಬರದು, ತಂತ್ರಾಂಶ ಮತ್ತೊಬ್ಬರದು, ವಾರ್ಷಿಕ ನಿರ್ವಹಣೆಯ ಗುತ್ತಿಗೆ ಮಗದೊಬ್ಬರದು. ದುರಸ್ತಿಯವರು ಜಿಲ್ಲೆಯ ಊರಿನಿಂದ ಬರಬೇಕು. ಆ ಅಜ್ಜನ ಪ್ರಶ್ನೆ ನಗೆಯಲ್ಲಿ ತೇಲಿಹೋಗುವಂಥದ್ದಲ್ಲ: ಈ ಇಡೀ ವ್ಯವಸ್ಥೆಗೆ ತಾಲ್ಲೂಕಿನ ಮಟ್ಟದಲ್ಲಿ ಯಜಮಾನರು ಯಾರು? ಅವರ ಪಾಲಿಗೆ ಒಂದು ನಾಳೆಯೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು. ಬಿತ್ತನೆಯ ಕಾಲವಾದರೆ ತಪ್ಪಿಹೋಗಬಹುದಾದ ಹದ.

ಇದು ಪಾಲನೆಯ ಮಾತಾಯಿತು. ಇನ್ನು ಮೇಲ್ದರ್ಜೆಗೆ ಏರಿಸುವ ಮಾತು. ಗಣಕದ ಮೂಲ ತಂತ್ರಾಂಶಗಳಿಗೂ ಒಂದು ಆಯುಷ್ಯವುಂಟು. ವಿಂಡೋಸ್ ಎಕ್ಸ್‌ಪಿ ಎಂಬುದಕ್ಕೆ ತಯಾರಕರ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಬೆಂಬಲ ನಿಂತರೆ ಯಂತ್ರ ಅಂದೇ ಕೆಡುವುದಿಲ್ಲ. ಕಳ್ಳಕಿಂಡಿಗಳನ್ನು ಮುಚ್ಚುವವರು ಇಲ್ಲವಾಗುತ್ತಾರೆ, ಅಷ್ಟೆ. ಕೋಟೆಯ ಕಾವಲುಗಾರ ನಿವೃತ್ತನಾದ ಮೇಲೂ ಬಾಗಿಲು ನಿಂತೇ ಇರುತ್ತದಲ್ಲ, ಹಾಗೆ. ಆದ್ದರಿಂದ ಹೊಸದಕ್ಕೆ ಹೋಗಲೇಬೇಕು. ಹೋದರೆ ಹಳೆಯ ಮುದ್ರಣಯಂತ್ರ ಹೊಸ ತಂತ್ರಾಂಶಕ್ಕೆ ಮಣಿಯುವುದಿಲ್ಲ. ಬೆರಳಗುರುತಿನ ಉಪಕರಣ ಒಪ್ಪುವುದಿಲ್ಲ. ಯಾವುದೋ ಹಳೆಯ ಬ್ರೌಸರಿಗೆಂದೇ ಬರೆದ ಕಾರ್ಯಕ್ರಮ ತೆರೆಯುವುದೇ ಇಲ್ಲ. ಒಂದು ಹಲ್ಲು ಕೀಳಿಸಹೋಗಿ ಇಡೀ ದವಡೆ ನೋಯಿಸಿಕೊಂಡಂತೆ. ಹಾಗಾಗಿ ಕಚೇರಿಗಳು ಹಳೆಯದಕ್ಕೇ ಅಂಟಿಕೊಳ್ಳುತ್ತವೆ. ಇದು ಸೋಮಾರಿತನವಲ್ಲ, ನಾಳೆ ಬೆಳಗ್ಗೆ ಕಿಂಡಿ ತೆರೆಯಬೇಕಾದವನ ಭಯ.

ಆದರೆ ಕನ್ನಡದ ಮೇಷ್ಟ್ರಾದ ನನ್ನನ್ನು ಹೆಚ್ಚು ಕಾಡಿದ್ದು ಯಂತ್ರದ ಬದಲಾವಣೆಯಲ್ಲ, ಅಕ್ಷರದ ಬದಲಾವಣೆ. ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡಬೇಕು. ಕನ್ನಡಕ್ಕೆ ಸ್ವಂತ ಸಂಖ್ಯೆಗಳ ಬಳಕೆ ರೂಢಿಯಾಗುವ ಮೊದಲು ನಮ್ಮವರು ಒಂದು ಉಪಾಯ ಹೂಡಿದರು: ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಇದ್ದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳ, ಅಂದರೆ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಆಕಾರಗಳನ್ನು ಕೂಡಿಸಿ ಫಾಂಟು ತಯಾರಿಸಿದರು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು; ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳ ಮನೆಮಾತಾಯಿತು; ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಸಾವಿರಾರು ಗುಮಾಸ್ತರ ಬೆರಳಿಗೆ ಕನ್ನಡವನ್ನು ತಂದಿತು. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಆ ಬಗೆಯ ಫಾಂಟು ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಂತೆ. ಹಿರೇಹಡಗಲಿಯ ತಾಮ್ರಪಟದ ಸ್ಥಿತಿಯೇ ಅದು: ವಸ್ತು ಇದೆ, ಓದುವ ಬಗೆ ಇಲ್ಲ. ತಾಮ್ರಪಟಕ್ಕೆ ಆ ಸ್ಥಿತಿ ಬರಲು ಶತಮಾನಗಳು ಬೇಕಾದವು. ಇಲ್ಲಿ ಹತ್ತು ವರ್ಷ ಸಾಕು.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯನ್ನು ಕೊಟ್ಟರು. ಅದರಲ್ಲಿ ಅಕಾರದ ಸಂಖ್ಯೆ 3205, ಕಕಾರದ ಸಂಖ್ಯೆ 3221. ಪ್ರಪಂಚದ ಯಾವ ಮೂಲೆಯ ಗಣಕದಲ್ಲಾದರೂ ಅವೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಈ ಪದ್ಧತಿಯ ಒಂದು ಕನ್ನಡ ಫಾಂಟು ಬಂತು. ಅದರ ಹೆಸರು ತುಂಗಾ. ತುಂಗಭದ್ರೆಯ ದಡದ ಹಡಗಲಿಯವರು ಸಂತೋಷಪಡಬೇಕಾದ ಸಂಗತಿ. ಆದರೆ ಹಳೆಯ ಬಗೆಯಲ್ಲಿ ಬರೆದಿಟ್ಟಿದ್ದನ್ನು ಹೊಸ ಬಗೆಗೆ ಇಳಿಸಬೇಕಲ್ಲ, ಲಿಪಿಕಾರನ ಕೆಲಸ ಅಲ್ಲಿ ಮತ್ತೆ ಎದುರಾಗುತ್ತದೆ.

ಉದಾಹರಣೆಗೆ ಅರ್ಕಾವತ್ತನ್ನು ನೋಡಿ. ಧರ್ಮ ಎಂದು ಬರೆಯುವಾಗ ರೇಫದ ಚಿಹ್ನೆಯನ್ನು ನಾವು ಮಕಾರದ ಬಲಕ್ಕೆ ಇಡುತ್ತೇವೆ. ಉಚ್ಚರಿಸುವಾಗ ಮಾತ್ರ ರೇಫ ಮೊದಲು. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿದವು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಪರಿವರ್ತಿಸುವ ತಂತ್ರಾಂಶ ಈ ಅಕ್ಷರವನ್ನು ಹಿಂದಕ್ಕೆ ಸರಿಸುವುದನ್ನು ಮರೆತರೆ ಧರ್ಮ ಎಂಬುದು 'ಧಮರ್' ಆಗುತ್ತದೆ, ವರ್ಷ ಎಂಬುದು 'ವಷರ್' ಆಗುತ್ತದೆ. ಲೇಖನದಲ್ಲಾದರೆ ಓದುಗ ಊಹಿಸಿಕೊಂಡಾನು. ಪಹಣಿಯಲ್ಲಿ ದುರ್ಗಪ್ಪನ ಹೆಸರು ಹೀಗೆ ತಿರುಚಿಕೊಂಡರೆ ಊಹಿಸುವ ಅಧಿಕಾರ ಯಾರಿಗೂ ಇಲ್ಲ.

ಅಷ್ಟಕ್ಕೂ ನಮ್ಮ ಸೀಮೆಯಲ್ಲಿ ದುರ್ಗಪ್ಪ ದುರುಗಪ್ಪನೂ ಹೌದು. ಕೊಟ್ಟೂರೇಶ್ವರನ ಒಕ್ಕಲಾದ ಮನೆಗಳಲ್ಲಿ ಕೊಟ್ಟೂರೇಶ, ಕೊಟ್ರೇಶ, ಕೊಟ್ರಪ್ಪ, ಕೊಟ್ರಬಸಪ್ಪ ಎಂದು ಒಬ್ಬನನ್ನೇ ನಾಲ್ಕು ಬಗೆಯಾಗಿ ಕರೆಯುವುದುಂಟು. ಊರಿನ ಶಾನುಭೋಗರಿಗೆ ನಾಲ್ವರೂ ಒಬ್ಬನೇ ಎಂಬುದು ಗೊತ್ತಿತ್ತು. ಗಣಕಕ್ಕೆ ನಾಲ್ವರೂ ನಾಲ್ವರೇ. ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದು ನಡುವೆ ಸೇರಿಕೊಂಡಿದ್ದರೂ ಸಾಕು, ನಮಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಅದಕ್ಕೆ ಬೇರೆ ಬೇರೆ. ಆಧಾರ್ ಕಾರ್ಡಿನ ಹೆಸರನ್ನು ಪಹಣಿಯ ಹೆಸರಿನೊಡನೆ ಹೊಂದಿಸುವ ಕಾರ್ಯ ಈಚಿನ ವರ್ಷಗಳಲ್ಲಿ ನಡೆದಾಗ ಈ ತೊಡಕುಗಳೆಲ್ಲ ಮೇಲೆದ್ದವು. ಬೆಳೆ ಸಾಲ, ಬೆಳೆ ವಿಮೆ, ಸರ್ಕಾರದ ಸಹಾಯಧನ ಎಲ್ಲವೂ ಆ ಹೆಸರಿನ ಬಾಗಿಲಿನಿಂದಲೇ ಒಳಬರಬೇಕು. ಪಾಠಾಂತರವೆಂಬುದು ನಮ್ಮ ತರಗತಿಗಳಲ್ಲಿ ಒಂದು ಅಡಿಟಿಪ್ಪಣಿ. ಇಲ್ಲಿ ಅದು ಒಬ್ಬನ ಆ ವರ್ಷದ ಅನ್ನ.

ಊರಿನ ಹೆಸರಿಗೂ ಇದೇ ಪಾಡು. ಹರಪನಹಳ್ಳಿಯನ್ನೇ ತೆಗೆದುಕೊಳ್ಳಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆಯೊಡನೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರ ಪಾಲಾಯಿತು. ಕೂಡ್ಲಿಗಿ ತಾಲ್ಲೂಕಿನೊಳಗಿದ್ದ ಕೊಟ್ಟೂರು ಈಗ ತಾನೇ ಒಂದು ತಾಲ್ಲೂಕು. ಹೊಲ ಮಾತ್ರ ಅಂಗುಲವೂ ಅಲುಗಿಲ್ಲ. ಕಾಗದದ ಕಾಲದಲ್ಲಿ ತಲೆಬರಹವನ್ನು ಒಂದು ಗೀಟು ಎಳೆದು ತಿದ್ದಿದರೆ ಮುಗಿಯುತ್ತಿತ್ತು. ಗಣಕದಲ್ಲಿ ಜಿಲ್ಲೆಗೊಂದು, ತಾಲ್ಲೂಕಿಗೊಂದು, ಗ್ರಾಮಕ್ಕೊಂದು ಸಂಕೇತಸಂಖ್ಯೆ ಇರುತ್ತದೆ. ಕಂದಾಯ, ನೋಂದಣಿ, ಕೃಷಿ, ಖಜಾನೆ, ಬ್ಯಾಂಕು ಇವೆಲ್ಲವುಗಳ ಪಟ್ಟಿಯಲ್ಲೂ ಅದು ಬದಲಾಗಬೇಕು. ಒಂದು ಕಡೆ ಹೊಸದಾಗಿ, ಇನ್ನೊಂದು ಕಡೆ ಹಳೆಯದಾಗಿ ಉಳಿದರೆ ಅದೇ ಹೊಲ ಒಂದು ಇಲಾಖೆಗೆ ಕಾಣುತ್ತದೆ, ಮತ್ತೊಂದಕ್ಕೆ ಕಾಣುವುದಿಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಬೆಳ್ಳಾರಿ ಎಂಬಂತಿದ್ದ ಕಾಗುಣಿತ ಬಳ್ಳಾರಿ ಎಂದು ತಿದ್ದುಪಡಿಯಾದಾಗ ಕನ್ನಡದಲ್ಲಿ ಏನನ್ನೂ ಬದಲಿಸಬೇಕಾಗಲಿಲ್ಲ. ಇಂಗ್ಲಿಷ್ ಪಟ್ಟಿಗಳಲ್ಲಿ ಬದಲಿಸಬೇಕಾಯಿತು. ದಾಖಲೆಗಳು ಮೊದಲಿಂದ ಕನ್ನಡದಲ್ಲಿದ್ದರೆ ಎಷ್ಟು ಅನುಕೂಲವೆಂಬುದಕ್ಕೆ ಇದೊಂದು ಸಾಕ್ಷಿ.

ಹಾಗಾದರೆ ಮಾಡಬೇಕಾದದ್ದೇನು? ಹಳೆಯ ಲಿಪಿಕಾರರ ಪದ್ಧತಿಯಲ್ಲೇ ಉತ್ತರವಿದೆ ಎಂದು ನನ್ನ ನಂಬಿಕೆ. ಮೊದಲನೆಯದು, ಹೊಸ ಪ್ರತಿಯನ್ನು ಮೂಲದೊಡನೆ ಹೋಲಿಸಿ ಓದಿ ಮುಗಿಸುವವರೆಗೆ ಮೂಲವನ್ನು ವಿಸರ್ಜಿಸಬಾರದು. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಛಾಯಾಪ್ರತಿ ಮಾಡಿ ಗಣಕದಲ್ಲಿಡುವ ಭೂಸುರಕ್ಷಾ ಎಂಬ ಯೋಜನೆ 2024ರಲ್ಲಿ ಆರಂಭವಾದದ್ದು ಈ ದೃಷ್ಟಿಯಿಂದ ಮೆಚ್ಚತಕ್ಕ ಕಾರ್ಯ; ಶಿಥಿಲವಾದ ಕಾಗದ ಪುಡಿಯಾಗುವ ಮುನ್ನ ಅದರ ರೂಪವಾದರೂ ಉಳಿಯುತ್ತದೆ. ಎರಡನೆಯದು, ಪ್ರತಿಗಳು ಒಂದಕ್ಕಿಂತ ಹೆಚ್ಚಿರಬೇಕು, ಬೇರೆ ಬೇರೆ ಊರಿನಲ್ಲಿರಬೇಕು, ಆಗಾಗ್ಗೆ ತೆರೆದು ಓದಿ ನೋಡಬೇಕು. ತೆರೆದು ನೋಡದ ಪ್ರತಿ ಗೆದ್ದಲು ಹಿಡಿದ ಓಲೆಯ ಕಟ್ಟಿನಂತೆ. ಬೇಕಾದ ದಿನ ಬಿಚ್ಚಿದರೆ ಪುಡಿ ಉದುರುತ್ತದೆ. ಮೂರನೆಯದು, ಅಕ್ಷರವನ್ನು ಪರಿವರ್ತಿಸುವ ಕಡೆ ಯಂತ್ರ ಬಲ್ಲವರ ಪಕ್ಕದಲ್ಲಿ ಕನ್ನಡ ಬಲ್ಲವರೊಬ್ಬರು ಕುಳಿತಿರಬೇಕು. ಆ ಊರಿನ ಹೆಸರುಗಳನ್ನು ಬಲ್ಲವರಾದರೆ ಮತ್ತೂ ಲೇಸು. ಕನ್ನಡ ಎಂ.ಎ. ಓದಿ ಕೆಲಸವಿಲ್ಲದೆ ಕುಳಿತ ನಮ್ಮ ಹುಡುಗ ಹುಡುಗಿಯರಿಗೆ ಇದಕ್ಕಿಂತ ಉಚಿತವಾದ ಕೆಲಸ ಯಾವುದು? ನಾಲ್ಕನೆಯದು, ಯಂತ್ರ ಕೊಳ್ಳಲು ಒಮ್ಮೆ ಹಣ ಕೊಟ್ಟು ಕೈತೊಳೆದುಕೊಳ್ಳದೆ ಧೂಳು ಒರೆಸಲು, ಬ್ಯಾಟರಿ ಬದಲಿಸಲು, ಸಿಬ್ಬಂದಿಗೆ ಹೊಸದನ್ನು ಕಲಿಸಲು ಪ್ರತಿವರ್ಷ ಹಣ ತೆಗೆದಿರಿಸಬೇಕು. ಹಾಗೂ ಆ ಹೊಣೆಯನ್ನು ಹೊತ್ತ, ಹೆಸರು ಹಿಡಿದು ಕೇಳಬಹುದಾದ ಒಬ್ಬ ವ್ಯಕ್ತಿ ಪ್ರತಿ ತಾಲ್ಲೂಕಿನಲ್ಲೂ ಇರಬೇಕು. ಅಜ್ಜ ಕೇಳಿದ ಮಾಲಕರು ಅವರೇ.

ಕೆರೆಯನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿರುತ್ತದೆ. ವರ್ಷವರ್ಷವೂ ಹೂಳೆತ್ತಿದವರ ಹೆಸರು ಬಹುಪಾಲು ಎಲ್ಲಿಯೂ ಇರುವುದಿಲ್ಲ. ಆದರೂ ನೀರು ಕುಡಿದದ್ದು ಹೂಳೆತ್ತಿದವರ ದಯೆಯಿಂದ. ಐದೂ ತಾಲ್ಲೂಕಿನ ಕಚೇರಿಗಳಲ್ಲಿ ಬೆಳಗ್ಗೆ ಹತ್ತಕ್ಕೆ ಮುಂಚೆ ಬಂದು, ಯಂತ್ರವನ್ನು ಒರೆಸಿ, ತಂತಿಗಳನ್ನು ಸರಿಪಡಿಸಿ, ದಿನಾಂಕ ಸರಿಯಿದೆಯೇ ಎಂದು ನೋಡಿ, ಆಮೇಲೆ ಕಿಂಡಿಯ ಕದ ತೆಗೆಯುವ ಗುಮಾಸ್ತರು ಅಲ್ಲಲ್ಲಿ ಇದ್ದಾರೆ. ಅವರು ಆ ಕೆಲಸ ಮಾಡಿದ ದಿನ ಕಿಂಡಿಯ ಹೊರಗೆ ಯಾವ ಸುದ್ದಿಯೂ ಹುಟ್ಟುವುದಿಲ್ಲ; ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ತಮ್ಮ ಪಹಣಿಯನ್ನು ಪಡೆದು, ಹೆಸರು ಸರಿಯಿದೆಯೇ ಎಂದು ಓದು ಬಲ್ಲವರಿಂದ ಒಮ್ಮೆ ಓದಿಸಿಕೊಂಡು, ಮಡಿಸಿ ಜೇಬಿನಲ್ಲಿಟ್ಟು ಬಸ್ ನಿಲ್ದಾಣದ ಕಡೆಗೆ ನಡೆಯುತ್ತಾರೆ.